ಪ್ರತಿನಿಧಿನ್ಯಾಯವೂ ಹಳೆಯ ಗಣಕದಾಟಗಳೂ

ಒಂದು ವಸ್ತುವನ್ನು ನಿರ್ಮಿಸಿದವನು ಅದನ್ನು ಕೈಬಿಟ್ಟ ಮೇಲೆ, ಅದರಲ್ಲಿ ಪ್ರೀತಿಯುಳ್ಳ ಇತರರು ತಮ್ಮ ಶ್ರಮದಿಂದ ಅದನ್ನು ಉಳಿಸಿಕೊಳ್ಳುವುದು ನ್ಯಾಯವೆ? ಹಾಗೆ ಉಳಿಸಿಕೊಂಡದ್ದು ಆ ಹಳೆಯ ವಸ್ತುವೇ ಆಗುವುದೋ, ಅದರ ಹೆಸರನ್ನು ಹೊತ್ತ ಬೇರೊಂದು ವಸ್ತುವಾಗುವುದೋ? ಈ ಎರಡು ಪ್ರಶ್ನೆಗಳು ನಮಗೆ ಹೊಸವಲ್ಲ. ಶಿಥಿಲವಾದ ದೇವಾಲಯವನ್ನು ಎತ್ತಿ ನಿಲ್ಲಿಸುವಾಗ, ಒಡೆದ ಕೆರೆಯ ಏರಿಯನ್ನು ಕಟ್ಟುವಾಗ, ಹುಳು ತಿಂದ ಓಲೆಗರಿಯನ್ನು ಪ್ರತಿಮಾಡುವಾಗ ನಮ್ಮ ಹಿರಿಯರು ಇವನ್ನು ಎದುರಿಸಿಯೇ ಇದ್ದರು. ಈಚೆಗೆ ಇವೇ ಪ್ರಶ್ನೆಗಳು ಯಾರೂ ನಿರೀಕ್ಷಿಸದ ಒಂದು ಎಡೆಯಲ್ಲಿ, ಎಂದರೆ ಹುಡುಗರು ಗಣಕದಲ್ಲಿ ಆಡುವ ವಿಡಿಯೋ ಆಟಗಳಲ್ಲಿ, ತಲೆದೋರಿವೆ. ಆಟದ ಮಾತನ್ನು ಧರ್ಮವಿಚಾರದ ಸಾಲಿಗೆ ತರುವುದೆ ಎಂದು ವಾಚಕರು ನಕ್ಕರೆ ನಗಲಿ; ವಿಷಯವನ್ನು ಸ್ವಲ್ಪ ಬಿಡಿಸಿ ನೋಡಿದರೆ ಅದು ಆಟಕ್ಕೆ ಮಾತ್ರ ಸಂಬಂಧಿಸಿದುದಲ್ಲವೆಂದೂ, ನಮ್ಮ ಕನ್ನಡದ ಬರವಣಿಗೆಯ ಯೋಗಕ್ಷೇಮವೂ ಅದರೊಳಗೆ ಅಡಗಿದೆಯೆಂದೂ ಕಂಡುಬಂದೀತು.

ಮೊದಲು ವಸ್ತುಸ್ಥಿತಿಯನ್ನು ಹೇಳುವೆನು. ಗಣಕದ ಆಟದಲ್ಲಿ ಎರಡು ಭಾಗಗಳುಂಟು. ಚಿತ್ರಗಳು, ಧ್ವನಿಗಳು, ಕಥೆ, ಸಂಭಾಷಣೆ, ಭೂಪಟಗಳು—ಇವೆಲ್ಲ ಒಂದು ಭಾಗ. ಇವು ಕಡತಗಳಲ್ಲಿ ತುಂಬಿಟ್ಟ ಸಾಮಗ್ರಿ. ಆ ಸಾಮಗ್ರಿಯನ್ನು ಓದಿ, ಆಡುವವನು ಗುಂಡಿಯನ್ನು ಒತ್ತಿದಾಗ ಏನಾಗಬೇಕೆಂಬುದನ್ನು ನಿಯಮಪ್ರಕಾರ ನಡೆಸುವ ತಂತ್ರಾಂಶ ಇನ್ನೊಂದು ಭಾಗ; ಇದನ್ನು ಎಂಜಿನ್ ಎನ್ನುತ್ತಾರೆ. ನಮ್ಮ ಮನೆಗಳ ಹಳೆಯ ಗ್ರಾಮಫೋನನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ತಟ್ಟೆಯಲ್ಲಿ ಹಾಡಿದೆ, ಆದರೆ ತಟ್ಟೆಯು ತಾನಾಗಿ ಹಾಡಲಾರದು. ನಿಮಿಷಕ್ಕೆ 78 ಸುತ್ತು ತಿರುಗಿಸುವ ಪೆಟ್ಟಿಗೆಯೂ ಮುಳ್ಳೂ ಬೇಕು. ಪೆಟ್ಟಿಗೆ ಕೆಟ್ಟಿತು, ಮಾಡಿದ ಕಂಪೆನಿಯು ಮುಚ್ಚಿತು ಎನ್ನೋಣ. ಆಗ ಯಂತ್ರ ತಿಳಿದವನೊಬ್ಬನು ಅದೇ ವೇಗದಲ್ಲಿ ತಿರುಗುವ ಹೊಸ ಪೆಟ್ಟಿಗೆಯನ್ನು ತಾನೇ ಮಾಡಿ, ಅದರ ನಕ್ಷೆಯನ್ನು ಊರವರೆಲ್ಲರಿಗೂ ಹಂಚಿದರೆ, ಅಟ್ಟದ ಮೇಲೆ ಮೂಕವಾಗಿ ಬಿದ್ದಿದ್ದ ತಟ್ಟೆಗಳೆಲ್ಲ ಮತ್ತೆ ಹಾಡತೊಡಗುವುವು. ಹಳೆಯ ಆಟಗಳ ಸಾಮಗ್ರಿಯನ್ನು ಹಾಗೆಯೇ ಇಟ್ಟುಕೊಂಡು, ಎಂಜಿನ್ನನ್ನು ಮಾತ್ರ ಹೊಸದಾಗಿ ಬರೆದು, ಬರೆದ ಮೂಲವನ್ನು ಎಲ್ಲರೂ ಓದಿ ತಿದ್ದಿ ಹಂಚಿಕೊಳ್ಳುವಂತೆ ಮುಕ್ತವಾಗಿ ಬಿಡುವ ಕಾರ್ಯವು ಇದೇ ಬಗೆಯದು.

ನಮ್ಮ ದೇಶೀಯ ಆಟಗಳಿಗೆ ಈ ತೊಂದರೆ ಇರಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಚೌಕಾಬಾರಕ್ಕೆ ಐದೈದು ಮನೆಗಳ ಚೌಕವನ್ನು ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಜಗಲಿಯ ಮೇಲೆ ಎಳೆದರೆ ಆಯಿತು. ನಾಲ್ಕು ಕವಡೆ ಬೇಕು, ಕವಡೆ ಸಿಕ್ಕದಿದ್ದರೆ ಒಂದು ಮಗ್ಗುಲನ್ನು ತೇಯ್ದ ಹುಣಿಸೆಬೀಜವಾದರೂ ಸಾಕು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳನ್ನು ನೆಲದಲ್ಲಿ ತೋಡಿಕೊಂಡೂ ಆಡುವುದುಂಟು. ಮೈಸೂರು ಸೀಮೆಯ ಹಳೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಯಾರೋ ಕೊರೆದಿಟ್ಟ ಆಡು-ಹುಲಿಯ ಗೆರೆಗಳು ಇಂದಿಗೂ ಕಾಣುತ್ತವೆ; ಕೊರೆದವರ ಹೆಸರಿಲ್ಲ, ಆಟ ಮಾತ್ರ ಇದೆ. ಈ ಆಟಗಳ ನಿಯಮವು ಮರದಲ್ಲಿಯೂ ಕಲ್ಲಿನಲ್ಲಿಯೂ ಇರದೆ ಆಡುವವರ ಬುದ್ಧಿಯಲ್ಲಿ ಇದ್ದಿತು. ಅಜ್ಜಿಯು ಮೊಮ್ಮಗಳಿಗೆ ಹೇಳಿಕೊಟ್ಟಳು. ಆ ಮೊಮ್ಮಗಳು ಇನ್ನೊಂದು ಊರಿಗೆ ಸೊಸೆಯಾಗಿ ಹೋಗಿ ಅಲ್ಲಿ ಹೇಳಿಕೊಟ್ಟಳು. ಮಣೆ ಮುರಿದರೆ ಆಟ ಸಾಯಲಿಲ್ಲ. ಗಣಕದ ಆಟದಲ್ಲಿ ಹೀಗಲ್ಲ. ಅಲ್ಲಿ ನಿಯಮವು ಆಡುವವನಿಗೆ ತಿಳಿದಿರುವುದಿಲ್ಲ; ಅದು ಎಂಜಿನ್ನಿನ ಒಳಗೆ, ಯಂತ್ರವು ಮಾತ್ರ ಓದಬಲ್ಲ ಅಂಕೆಗಳಾಗಿ ಹುದುಗಿದೆ. ಆ ಎಂಜಿನ್ ಯಾವ ಕಾಲದ ಗಣಕಕ್ಕಾಗಿ ಬರೆಯಲ್ಪಟ್ಟಿತೋ ಆ ಗಣಕವು ಹೋದರೆ, ನಿಯಮವೂ ಅದರೊಡನೆ ಹೋಗುತ್ತದೆ. ಅಜ್ಜಿಯು ಬದುಕಿರುವಾಗಲೇ ಅವಳ ಮಾತನ್ನು ತಿಳಿಯುವವರು ಇಲ್ಲದಾದಂತೆ.

ಈ ನಷ್ಟವು ಕಲ್ಪನೆಯದಲ್ಲ. ಅಮೆರಿಕದಲ್ಲಿ ವಿಡಿಯೋ ಆಟಗಳ ಇತಿಹಾಸವನ್ನು ಕಾಪಾಡುವುದಕ್ಕಾಗಿ ಏರ್ಪಟ್ಟಿರುವ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಎಂಬ ಸಂಸ್ಥೆಯು 2023ರಲ್ಲಿ ಒಂದು ಪರಿಶೀಲನೆಯನ್ನು ಪ್ರಕಟಿಸಿತು. ಆ ದೇಶದಲ್ಲಿ 2010ಕ್ಕೆ ಹಿಂದೆ ಹೊರಬಂದ ಆಟಗಳಲ್ಲಿ ನೂರಕ್ಕೆ 87ರಷ್ಟು ಈಗ ಅಂಗಡಿಯಲ್ಲಿ ದೊರೆಯುವುದಿಲ್ಲವೆಂದು ಅದರಿಂದ ತಿಳಿದುಬಂದಿತು. ಮೂವತ್ತು ನಲವತ್ತು ವರ್ಷಗಳೊಳಗೆ ಒಂದು ಕಲೆಯ ಬಹುಭಾಗವು ಕೈಗೆ ಸಿಕ್ಕದಂತಾಗುವುದು ಸಣ್ಣ ಮಾತಲ್ಲ. ಪಂಪನ ಕಾವ್ಯವು ಸಾವಿರ ವರ್ಷ ಉಳಿದು ನಮ್ಮ ಕೈಗೆ ಬಂದುದು, ಒಬ್ಬರಾದ ಮೇಲೆ ಒಬ್ಬರು ಅದನ್ನು ಓಲೆಯಿಂದ ಓಲೆಗೆ ಬರೆದುಕೊಂಡುದರಿಂದ ಅಲ್ಲವೆ?

ಈ ಕೆಲಸಕ್ಕೆ ಕೈಹಾಕಿದವರ ಕೆಲವು ನಿದರ್ಶನಗಳನ್ನು ಹೇಳುತ್ತೇನೆ. ಲೂಕಸ್‌ಫಿಲ್ಮ್ ಕಂಪೆನಿಯವರು 1987ರಲ್ಲಿ 'ಮೇನಿಯಾಕ್ ಮ್ಯಾನ್ಶನ್' ಎಂಬ ಕಥಾರೂಪದ ಆಟಕ್ಕಾಗಿ 'ಸ್ಕಮ್' ಎಂಬ ಒಂದು ವ್ಯವಸ್ಥೆಯನ್ನು ಕಟ್ಟಿ, ಮುಂದೆ ತಮ್ಮ ಹಲವು ಆಟಗಳನ್ನು ಅದರ ಮೇಲೆಯೇ ನಡೆಸಿದರು. ಆ ಕಾಲದ ಗಣಕಗಳು ಹೋದುವು. 2001ರಲ್ಲಿ ಸ್ವೀಡನ್ ದೇಶದ ಲೂಡ್ವಿಗ್ ಸ್ಟ್ರಿಗೇಯಸ್ ಮೊದಲಾದವರು 'ಸ್ಕಮ್ ವಿಎಂ' ಎಂಬ ಹೊಸ ಎಂಜಿನ್ನನ್ನು ಬರೆಯತೊಡಗಿದರು. ಅದು ಬೆಳೆದು ಬೇರೆ ಬೇರೆ ಕಂಪೆನಿಗಳ ನೂರಾರು ಹಳೆಯ ಆಟಗಳನ್ನು ಇಂದಿನ ಗಣಕಗಳಲ್ಲಿಯೂ ಕೈಫೋನುಗಳಲ್ಲಿಯೂ ನಡೆಸಬಲ್ಲದಾಗಿದೆ. ಕ್ರಿಸ್ ಸಾಯರ್ ಎಂಬ ಬ್ರಿಟಿಷ್ ನಿರ್ಮಾಪಕನು 1994ರಲ್ಲಿ ರೈಲು, ಬಸ್ಸು, ಹಡಗುಗಳ ಸಾರಿಗೆಯನ್ನು ನಡೆಸುವ 'ಟ್ರಾನ್ಸ್‌ಪೋರ್ಟ್ ಟೈಕೂನ್' ಎಂಬ ಆಟವನ್ನು ರಚಿಸಿದನು. ಅದಕ್ಕೆ 2004ರಲ್ಲಿ 'ಓಪನ್ ಟಿಟಿಡಿ' ಎಂಬ ಮುಕ್ತ ಎಂಜಿನ್ ಬಂದಿತು. ಮೊದಮೊದಲು ಆಡುವವನು ಹಳೆಯ ಆಟದ ಚಿತ್ರಗಳನ್ನು ತನ್ನ ಪ್ರತಿಯಿಂದಲೇ ತಂದುಕೊಳ್ಳಬೇಕಾಗಿತ್ತು. ಬರುಬರುತ್ತ ಚಿತ್ರಗಳನ್ನೂ ಧ್ವನಿಗಳನ್ನೂ ಸ್ವಯಂಸೇವಕರೇ ಹೊಸದಾಗಿ ಮಾಡಿಕೊಟ್ಟುದರಿಂದ, 2010ರಲ್ಲಿ ಹೊರಬಂದ 1.0 ಆವೃತ್ತಿಯನ್ನು ಹಳೆಯ ಕಡತಗಳ ನೆರವಿಲ್ಲದೆಯೇ ಆಡಬಹುದಾಯಿತು. ಒಡೆಯನೇ ಮುಂದೆ ಬಂದು ಕೊಟ್ಟುದೂ ಉಂಟು: 1993ರ ಡಿಸೆಂಬರಿನಲ್ಲಿ ಹೊರಬಂದ 'ಡೂಮ್' ಎಂಬ ಆಟದ ಎಂಜಿನ್ನಿನ ಮೂಲವನ್ನು ಇಡ್ ಸಾಫ್ಟ್‌ವೇರ್ ಕಂಪೆನಿಯವರು 1997ರಲ್ಲಿ ಬಯಲುಮಾಡಿ, 1999ರಲ್ಲಿ ಅದನ್ನು ಪೂರ್ಣ ಸ್ವಾತಂತ್ರ್ಯದ ಪರವಾನಗಿಯಡಿಯಲ್ಲಿ ಬಿಟ್ಟರು, ಚಿತ್ರ ಮತ್ತು ರಂಗಗಳ ಹಕ್ಕನ್ನು ಮಾತ್ರ ತಾವು ಉಳಿಸಿಕೊಂಡರು.

ಇದರಿಂದಾಗುವ ಪ್ರಯೋಜನವೇನು? ಮೊದಲನೆಯದಾಗಿ, ಹಣ ಕೊಟ್ಟು ಕೊಂಡವನ ವಸ್ತು ಅವನಿಗೆ ಉಳಿಯುತ್ತದೆ. ಗಣಕ ಬದಲಾಯಿತೆಂಬ ಕಾರಣಕ್ಕೆ ಅವನ ಡಿಸ್ಕು ಕಸವಾಗುವುದಿಲ್ಲ. ಎರಡನೆಯದಾಗಿ, ಹಳೆಯ ಆಟದಲ್ಲಿದ್ದ ದೋಷಗಳನ್ನು ತಿದ್ದಬಹುದು. ಮೂಲದವರು ಯೋಚಿಸದ ಭಾಷೆಗಳಿಗೆ ಅದನ್ನು ತರಬಹುದು. ಕಣ್ಣು ಮಂದವಾದವರಿಗೆ ಅಕ್ಷರಗಳನ್ನು ದೊಡ್ಡದು ಮಾಡಬಹುದು. ಮೂರನೆಯದಾಗಿ, ಇವು ಹೆಚ್ಚು ಬಲವಿಲ್ಲದ ಹಳೆಯ ಗಣಕಗಳಲ್ಲಿಯೂ ನಡೆಯುವುದರಿಂದ, ಹೊಸ ಯಂತ್ರವನ್ನು ಕೊಳ್ಳಲಾರದ ಹಳ್ಳಿಯ ಶಾಲೆಗೂ ಬಡವರ ಮನೆಗೂ ಒದಗುತ್ತವೆ. ನಾಲ್ಕನೆಯದು, ನಾನು ಎಲ್ಲಕ್ಕಿಂತ ಹೆಚ್ಚೆಂದು ಎಣಿಸುವುದು, ವಿದ್ಯೆಯ ಲಾಭ. ಮುಚ್ಚಿದ ಎಂಜಿನ್ನಿನಲ್ಲಿ ಹುಡುಗನು ಆಡುವವನು ಮಾತ್ರ. ತೆರೆದ ಎಂಜಿನ್ನಿನಲ್ಲಿ ಅವನು ಓದುಗನೂ ಆಗಬಹುದು. ಈ ರೈಲು ಈ ಕವಲಿನಲ್ಲಿ ಏಕೆ ಎಡಕ್ಕೆ ತಿರುಗಿತು ಎಂದು ಕೇಳಿ, ಅದಕ್ಕೆ ಉತ್ತರವಾದ ಸಾಲನ್ನು ಹುಡುಕಿ, ಅದನ್ನು ಬದಲಾಯಿಸಿ ಫಲವನ್ನು ನೋಡಬಹುದು. ಸೂತ್ರವನ್ನು ಕಂಠಪಾಠ ಮಾಡಿದವನಿಗೂ ಪ್ರಕ್ರಿಯೆಯನ್ನು ಬಲ್ಲವನಿಗೂ ಇರುವ ಅಂತರವನ್ನು ವ್ಯಾಕರಣ ಓದಿದವರು ಬಲ್ಲರು. ನೆರೆಯ ಕೇರಳದ ಸರಕಾರಿ ಶಾಲೆಗಳಲ್ಲಿ ಗಣಕದ ಪಾಠವೆಲ್ಲ ಮುಕ್ತ ತಂತ್ರಾಂಶದ ಮೂಲಕವೇ ನಡೆಯುತ್ತಿರುವುದೂ, ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳು ಆ ಏರ್ಪಾಡಿನಲ್ಲಿಯೇ ಕಲಿಯುತ್ತಿರುವುದೂ ಇಲ್ಲಿ ನೆನೆಯತಕ್ಕ ಸಂಗತಿ.

ಆದರೆ ಪ್ರಯೋಜನವಿದ್ದ ಮಾತ್ರಕ್ಕೆ ಕಾರ್ಯವು ಧರ್ಮ್ಯವಾಗುವುದಿಲ್ಲ. ಕಳವಿನಿಂದಲೂ ಪ್ರಯೋಜನವುಂಟಲ್ಲವೆ? ಆದುದರಿಂದ ಪೂರ್ವಪಕ್ಷವನ್ನು ಅದರ ಬಲದೊಡನೆಯೇ ಹೇಳಬೇಕು. ಆಟವನ್ನು ಕಟ್ಟಿದವನು ವರ್ಷಗಟ್ಟಲೆ ದುಡಿದಿದ್ದಾನೆ. ಅದನ್ನು ಮಾರುವುದೂ ಮಾರದಿರುವುದೂ ಅವನಿಗೆ ಸೇರಿದ್ದು. ಮಾರದೆ ಇಟ್ಟುಕೊಂಡವನ ವಸ್ತುವಿಗೆ ಇತರರು ಬಾಗಿಲು ಕೊರೆಯುವುದು ಪರಸ್ವಾಪಹರಣವೇ ಸರಿ. ಇಂದು ಬೇಡವೆಂದವನು ನಾಳೆ ಅದನ್ನೇ ಹೊಸದು ಮಾಡಿ ಮಾರಲು ಬಯಸಿದರೆ, ಅಷ್ಟರಲ್ಲಿ ಊರವರೆಲ್ಲ ಪುಕ್ಕಟೆಯಾಗಿ ಆಡುತ್ತಿದ್ದರೆ ಅವನ ಗತಿಯೇನು? ಈ ವಾದವನ್ನು ನಗಣ್ಯವೆಂದು ತಳ್ಳುವಂತಿಲ್ಲ. 2021ರಲ್ಲಿ ಅಮೆರಿಕದ ಟೇಕ್-ಟೂ ಕಂಪೆನಿಯವರು, ತಮ್ಮ ಎರಡು ಪ್ರಸಿದ್ಧ ಆಟಗಳ ಯಂತ್ರಭಾಷೆಯನ್ನು ಬಿಚ್ಚಿ ಮೂಲದ ಸಾಲುಗಳನ್ನು ಮರಳಿ ಕಟ್ಟಿ ಪ್ರಕಟಿಸಿದವರ ಮೇಲೆ ನ್ಯಾಯಾಲಯದಲ್ಲಿ ದಾವೆ ಹೂಡಿದುದು ಈ ಆಧಾರದ ಮೇಲೆಯೇ.

ಇದಕ್ಕೆ ಸಮಾಧಾನವನ್ನು ಹುಡುಕುವಾಗ ನನಗೆ ಪೂರ್ವಮೀಮಾಂಸೆಯ ಪ್ರತಿನಿಧಿವಿಚಾರವು ನೆನಪಿಗೆ ಬರುತ್ತದೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಈ ಚರ್ಚೆಯಿದೆ. ಯಜ್ಞಕ್ಕೆ ವ್ರೀಹಿಯೆಂಬ ಭತ್ತವನ್ನು ವಿಧಿಸಿದೆ. ಅದು ದೊರೆಯಲಿಲ್ಲ, ಇಲ್ಲವೆ ನಡುವೆ ಕೆಟ್ಟುಹೋಯಿತು. ಆಗ ಕರ್ಮವನ್ನೇ ಬಿಡಬೇಕೆ? ಬಿಡಬೇಕಾಗಿಲ್ಲ, ಅದನ್ನು ಹೋಲುವ ನೀವಾರವೆಂಬ ಕಾಡುಭತ್ತದಿಂದ ನಡೆಸಬಹುದು ಎಂದು ಸಿದ್ಧಾಂತ. ಆದರೆ ಈ ಅನುಮತಿಯನ್ನು ಕೊಟ್ಟ ಆಚಾರ್ಯರು ಅದರ ಸುತ್ತಲೂ ಬೇಲಿಯನ್ನೂ ಹಾಕಿದರು. ದ್ರವ್ಯಕ್ಕೆ ಪ್ರತಿನಿಧಿಯುಂಟು, ದೇವತೆಗೂ ಮಂತ್ರಕ್ಕೂ ಕ್ರಿಯೆಗೂ ಪ್ರತಿನಿಧಿಯಿಲ್ಲ. ಯಜಮಾನನಿಗೆ, ಎಂದರೆ ಕರ್ಮದ ಸ್ವಾಮಿಗೆ, ಸಾಮಾನ್ಯವಾಗಿ ಪ್ರತಿನಿಧಿಯಿಲ್ಲ. ನಿಷಿದ್ಧವೆಂದು ಹೇಳಿದ ದ್ರವ್ಯವು ಎಷ್ಟು ಹೋಲಿದರೂ ಪ್ರತಿನಿಧಿಯಾಗದು. ಪ್ರತಿನಿಧಿಯೂ ನಷ್ಟವಾದರೆ ಮತ್ತೊಂದನ್ನು ಆರಿಸುವಾಗ ಮೊದಲಿನ ಮುಖ್ಯದ್ರವ್ಯದ ಹೋಲಿಕೆಯನ್ನೇ ನೋಡಬೇಕಲ್ಲದೆ ಪ್ರತಿನಿಧಿಯ ಹೋಲಿಕೆಯನ್ನಲ್ಲ. ಯಜ್ಞಶಾಲೆಗಾಗಿ ಹುಟ್ಟಿದ ಈ ನಿಯಮಗಳು, ಯಾವ ವಸ್ತುವಿಗಾದರೂ ಬದಲಿಯನ್ನು ಹುಡುಕುವವನಿಗೆ ದಾರಿಯನ್ನು ತೋರಬಲ್ಲುವು.

ಅವನ್ನು ಪ್ರಕೃತಕ್ಕೆ ಹೊಂದಿಸಿ ನೋಡೋಣ. ಎಂಜಿನ್ನು ದ್ರವ್ಯಸ್ಥಾನದಲ್ಲಿರುವುದು, ಅದಕ್ಕೆ ಪ್ರತಿನಿಧಿ ಸಲ್ಲುತ್ತದೆ. ಕರ್ತೃವಿನ ಕಲ್ಪನೆ, ಅವನ ಹೆಸರು, ಅವನು ಹಾಕಿಕೊಟ್ಟ ಆಟದ ನಡೆ—ಇವು ದೇವತೆ, ಮಂತ್ರ, ಕ್ರಿಯೆಗಳ ಸ್ಥಾನದವು; ಇವನ್ನು ಬದಲಿಸಿ ಅದೇ ಆಟವೆಂದು ಹೇಳಿಕೊಳ್ಳುವಂತಿಲ್ಲ. ನಿಷಿದ್ಧದ್ರವ್ಯವೆಂದರೆ ಇಲ್ಲಿ ಕದ್ದ ಸಾಲುಗಳು. ಹೊಸ ಎಂಜಿನ್ನನ್ನು ಬರೆಯುವವನು ಹಳೆಯದರ ನಡವಳಿಕೆಯನ್ನು ನೋಡಿ ತಿಳಿದು ತನ್ನ ಮಾತಿನಲ್ಲಿ ತಾನೇ ಬರೆಯಬೇಕು. ಹಳೆಯದರ ಮೂಲವನ್ನು ನಕಲುಮಾಡಿ ಹೆಸರನ್ನು ಬದಲಾಯಿಸಿದರೆ ಅದು ನೀವಾರವಲ್ಲ, ನೆರೆಯವನ ಕಣಜದ ಭತ್ತ. ಇದಕ್ಕಾಗಿಯೇ ಕೆಲವರು ಕಟ್ಟುನಿಟ್ಟಾದ ಒಂದು ಕ್ರಮವನ್ನು ಅನುಸರಿಸುತ್ತಾರೆ: ಒಂದು ತಂಡವು ಹಳೆಯದನ್ನು ಪರೀಕ್ಷಿಸಿ ಅದರ ಲಕ್ಷಣಗಳನ್ನು ಮಾತ್ರ ಬರೆಯುತ್ತದೆ; ಹಳೆಯದನ್ನು ಕಣ್ಣಿನಿಂದ ನೋಡದ ಇನ್ನೊಂದು ತಂಡವು ಆ ಲಕ್ಷಣಗಳಿಂದ ಹೊಸದನ್ನು ರಚಿಸುತ್ತದೆ. ಮತ್ತು ಸ್ವಾಮಿಗೆ ಪ್ರತಿನಿಧಿಯಿಲ್ಲವೆಂಬುದರ ಅರ್ಥ ಇದು: ಮುಕ್ತ ಎಂಜಿನ್ನು ಪುಕ್ಕಟೆಯಾದರೂ, ಚಿತ್ರ-ಧ್ವನಿ-ಕಥೆಗಳ ಪ್ರತಿಯನ್ನು ಆಡುವವನು ತಾನೇ ನ್ಯಾಯವಾಗಿ ಪಡೆದಿರಬೇಕು. ಇನ್ನೊಬ್ಬನು ಕೊಂಡ ಪ್ರತಿಯಿಂದ ತನಗೆ ಅಧಿಕಾರ ಬಾರದು. ಹೆಸರುವಾಸಿಯಾದ ಎಂಜಿನ್ನುಗಳು ಒಡೆಯನು ಅನುಮತಿಸದ ಸಾಮಗ್ರಿಯನ್ನು ತಾವು ಹಂಚದೆ, ನಿಮ್ಮ ಪ್ರತಿಯನ್ನು ನೀವು ತನ್ನಿರೆಂದು ಹೇಳುವುದು ಇದಕ್ಕೆ ಅನುಗುಣವಾಗಿದೆ. ಒಡೆಯನು ಒಪ್ಪಿದರೆ ಈ ನಿರ್ಬಂಧವೂ ಇಲ್ಲ: ಇಂಗ್ಲೆಂಡಿನ ರೆವಲ್ಯೂಷನ್ ಕಂಪೆನಿಯವರು 1994ರ ತಮ್ಮ 'ಬಿನೀತ್ ಎ ಸ್ಟೀಲ್ ಸ್ಕೈ' ಆಟವನ್ನು 2003ರಲ್ಲಿ ಎಲ್ಲರಿಗೂ ಬೆಲೆಯಿಲ್ಲದೆ ಕೊಟ್ಟುಬಿಟ್ಟರು.

ನಮ್ಮ ದೇಶದ ಶಾಸನವೂ ಇದಕ್ಕೆ ದೂರವಾಗಿಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಯ 52ನೆಯ ಪ್ರಕರಣದಲ್ಲಿ, ಗಣಕದ ಕ್ರಮವಿಧಿಯನ್ನು ನ್ಯಾಯವಾಗಿ ಪಡೆದವನು ಅದರ ನಡೆಯನ್ನು ಗಮನಿಸಿ, ಅಭ್ಯಾಸಮಾಡಿ, ಪರೀಕ್ಷಿಸಿ ಅದರ ಹಿಂದಿರುವ ತತ್ತ್ವವನ್ನು ತಿಳಿಯುವುದೂ, ಸ್ವತಂತ್ರವಾಗಿ ರಚಿಸಿದ ಇನ್ನೊಂದು ಕ್ರಮವಿಧಿಯು ಅದರೊಡನೆ ಹೊಂದಿ ನಡೆಯುವುದಕ್ಕೆ ಅವಶ್ಯವಾದ ವಿವರವನ್ನು ಪಡೆಯುವುದೂ, ಹೇಳಿದ ಕಟ್ಟಳೆಗಳೊಳಗೆ, ಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಹೇಳಿದೆ. ಭಾವವು ಎಲ್ಲರದು, ಮಾತು ಕರ್ತೃವಿನದು ಎಂಬ ತತ್ತ್ವವೇ ಇದರ ಬೇರು. ರಾಮನ ಕಥೆಯನ್ನು ಯಾರು ಬೇಕಾದರೂ ಬರೆಯಬಹುದು. ಇನ್ನೊಬ್ಬ ಕವಿಯ ಪದ್ಯವನ್ನು ತನ್ನದೆನ್ನಬಾರದು. ಆದರೂ ಶಾಸನವು ಬಿಟ್ಟುದೆಲ್ಲ ಧರ್ಮವಲ್ಲ. ಒಡೆಯನು ಬದುಕಿದ್ದು, ಆ ಆಟವನ್ನು ಇಂದಿನ ಗಣಕಕ್ಕೆ ಹೊಂದಿಸಿ ಯೋಗ್ಯವಾದ ಬೆಲೆಗೆ ಕೊಡುತ್ತಿದ್ದರೆ, ಅವನಿಂದ ಕೊಳ್ಳುವುದೇ ಲೇಸು. ಮುಖ್ಯದ್ರವ್ಯವು ದೊರೆತಾಗ ಪ್ರತಿನಿಧಿಗೆ ಅವಕಾಶವಿಲ್ಲ. ತಾನೂ ನಡೆಸದೆ, ಇತರರಿಗೂ ಕೊಡದೆ, ಕೊಂಡವರ ಕೈಯಲ್ಲಿರುವುದನ್ನೂ ವ್ಯರ್ಥವಾಗಲು ಬಿಡುವವನಿಗೆ ಮಾತ್ರ ಈ ಆಕ್ಷೇಪವನ್ನು ಎತ್ತುವ ನೈತಿಕಬಲವು ಕಡಮೆ. ನಮ್ಮ ಶಾಸನಗಳಲ್ಲಿ ದಾನಕ್ಕಿಂತಲೂ ಪಾಲನೆ ಹೆಚ್ಚಿನದೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯನ್ನು ಕಟ್ಟಿಸಿದವನ ಪುಣ್ಯವು ಅವನದೇ; ಏರಿಯನ್ನು ರಿಪೇರಿಮಾಡಿದವನು ಆ ಪುಣ್ಯವನ್ನು ಕಸಿದುಕೊಳ್ಳುವುದಿಲ್ಲ, ಅದನ್ನು ಉಳಿಸುತ್ತಾನೆ.

ಇನ್ನು ಎರಡನೆಯ ಪ್ರಶ್ನೆ: ಹೊಸ ಎಂಜಿನ್ನಿನಲ್ಲಿ ನಡೆಯುವ ಆಟವು ಆ ಹಳೆಯ ಆಟವೇನು? ಗ್ರೀಕರು ಥೀಸಿಯಸ್ ಎಂಬ ವೀರನ ಹಡಗಿನ ವಿಷಯದಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದರು. ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದರೆ ಕೊನೆಗೆ ಉಳಿದುದು ಅವನ ಹಡಗೋ ಅಲ್ಲವೋ ಎಂದು. ನಮಗೆ ಅಷ್ಟು ದೂರ ಹೋಗಬೇಕಾಗಿಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ದೊಡ್ಡ ರಥವನ್ನೇ ನೋಡಿರಿ. ತೇರಿನ ಹಗ್ಗ ಸವೆಯುತ್ತದೆ, ಹೊಸ ಹಗ್ಗ ಬರುತ್ತದೆ. ಮರ ಜೀರ್ಣವಾಗುತ್ತದೆ, ಹೊಸ ಮರ ಬರುತ್ತದೆ. ಎಳೆಯುವ ಜನವಂತೂ ತಲೆಮಾರಿಗೊಮ್ಮೆ ಪೂರ್ತಿ ಬೇರೆ. ಆದರೂ ದೊಡ್ಡ ಜಾತ್ರೆಯ ದಿನ ಇದು ಬೇರೆ ತೇರೆಂದು ಯಾರೂ ಹೇಳುವುದಿಲ್ಲ. ಬಾಲ್ಯದಲ್ಲಿ ಕಂಡ ದೇವದತ್ತನನ್ನು ಮುಪ್ಪಿನಲ್ಲಿ ಕಂಡು ಇವನೇ ಅವನು ಎಂದು ಗುರುತಿಸುವ ಪ್ರತ್ಯಭಿಜ್ಞೆಯನ್ನು ನಮ್ಮ ದಾರ್ಶನಿಕರು ಪ್ರಮಾಣವಾಗಿ ಚರ್ಚಿಸಿದ್ದಾರೆ. ಆಡಿ ಬಲ್ಲವನು ಕುಳಿತು ಆಡಿ, ಇದೇ ಅದು ಎಂದು ಗುರುತಿಸಿದರೆ, ಆ ಗುರುತಿಗೆ ಬಾಧಕವು ತೋರುವವರೆಗೆ ಅದನ್ನು ಒಪ್ಪಬೇಕು. ಮೀಮಾಂಸಕರು ಶಬ್ದವು ನಿತ್ಯ, ಧ್ವನಿಯು ಅದನ್ನು ವ್ಯಕ್ತಗೊಳಿಸುವ ಉಪಾಯಮಾತ್ರ ಎಂದರು. ಆಟವು ನಿತ್ಯವೆಂದು ನಾನು ಹೇಳುವುದಿಲ್ಲ. ಅದನ್ನು ಮನುಷ್ಯನು ಮಾಡಿದನು. ಆದರೆ ಒಮ್ಮೆ ಮಾಡಿದ ಮೇಲೆ ಅದು ಯಾವುದೋ ಒಂದು ಯಂತ್ರಕ್ಕೆ ಕಟ್ಟುಬಿದ್ದುದಲ್ಲ. ಹಲವು ಕಂಠಗಳಲ್ಲಿ ಒಂದೇ ಶಬ್ದವು ಕೇಳಿಸುವಂತೆ, ಹಲವು ಯಂತ್ರಗಳಲ್ಲಿ ಒಂದೇ ಆಟವು ತೋರಬಲ್ಲದು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಳೆಯ ಆಟದ ದೋಷಗಳನ್ನು ತಿದ್ದಬೇಕೆ, ಹಾಗೆಯೇ ಇಡಬೇಕೆ? ಗ್ರಂಥಸಂಪಾದನೆಯಲ್ಲಿಯೂ ಇದೇ ಕಷ್ಟ. ತನಗೆ ಅರ್ಥವಾಗದ ಪಾಠವನ್ನು ಲಿಪಿಕಾರನ ತಪ್ಪೆಂದು ತಿದ್ದುವ ಸಂಪಾದಕನು ಎಷ್ಟೋ ವೇಳೆ ಕವಿಯನ್ನೇ ತಿದ್ದಿಬಿಡುತ್ತಾನೆ. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿಯನ್ನು ಕಂಡುಹಿಡಿದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚಿಗೆ ತಂದರು. ಗ್ರಂಥಲಿಪಿಯ ಓಲೆಯು ನಾಗರಿಯ ಅಚ್ಚಾಯಿತು. ದೇಹವೆಲ್ಲ ಬದಲಾಯಿತು, ಕೌಟಿಲ್ಯನು ಉಳಿದನು. ಓಲೆಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಿದ್ದರೆ ಜಗತ್ತಿಗೆ ಆ ಶಾಸ್ತ್ರ ದೊರೆಯುತ್ತಿರಲಿಲ್ಲ. ತಮ್ಮ ಇಷ್ಟದಂತೆ ತಿದ್ದಿ ಅಚ್ಚುಹಾಕಿದ್ದರೂ ದೊರೆಯುತ್ತಿರಲಿಲ್ಲ. ಎಂಜಿನ್ನುಗಳಲ್ಲಿಯೂ ಈ ಎರಡು ಪಂಥಗಳಿವೆ. 'ಡೂಮ್' ಆಟಕ್ಕೆ 'ಚಾಕಲೇಟ್ ಡೂಮ್' ಎಂಬ ಒಂದು ರೂಪವುಂಟು. ಅದು 1990ರ ದಶಕದ ಮೂಲದ ತಪ್ಪುಗಳನ್ನು ಸಹ ಉದ್ದೇಶಪೂರ್ವಕವಾಗಿ ಹಾಗೆಯೇ ಉಳಿಸಿಕೊಂಡಿದೆ. ಬೇರೆಯವು ದೋಷಗಳನ್ನು ತಿದ್ದಿ ಹೊಸ ಸೌಕರ್ಯಗಳನ್ನು ಸೇರಿಸಿವೆ. ಎರಡೂ ಬೇಕು, ಆದರೆ ಯಾವುದು ಮೂಲಪಾಠ, ಯಾವುದು ತಿದ್ದಿದ್ದು ಎಂಬುದು ಆಡುವವನಿಗೆ ತಿಳಿದಿರಬೇಕು. ಮೂಲವು ತೆರೆದಿರುವ ಎಂಜಿನ್ನಿನಲ್ಲಿ ಪ್ರತಿಯೊಂದು ತಿದ್ದುಪಡಿಯೂ ದಿನಾಂಕದೊಡನೆ ದಾಖಲಾಗಿರುತ್ತದೆ. ನಮ್ಮ ಹಳೆಯ ಲಿಪಿಕಾರರು ಇಷ್ಟನ್ನು ಮಾಡಿದ್ದರೆ ಸಂಪಾದಕರ ಆಯುಷ್ಯದಲ್ಲಿ ಎಷ್ಟು ವರ್ಷ ಉಳಿಯುತ್ತಿತ್ತೋ!

ಆಟಕ್ಕೆ ಇಷ್ಟೆಲ್ಲ ವಿಚಾರವೇಕೆ, ಆಟವು ಹುಡುಗರನ್ನು ಕೆಡಿಸುವುದಿಲ್ಲವೆ ಎಂದು ಕೇಳುವವರಿದ್ದಾರೆ. ಋಗ್ವೇದದ ಜೂಜುಗಾರನ ಅಳಲನ್ನೂ, ಧರ್ಮರಾಯನ ಗತಿಯನ್ನೂ ಬಲ್ಲ ನಾವು ಆಟದ ವ್ಯಸನವನ್ನು ಹಗುರವಾಗಿ ಎಣಿಸಬಾರದು. ಓದನ್ನೂ ನಿದ್ರೆಯನ್ನೂ ತಿಂದುಹಾಕುವ ಆಟವು ಮುಕ್ತವಾದರೂ ಮುಚ್ಚಿದ್ದಾದರೂ ಅನಿಷ್ಟವೇ. ಆದರೆ ವ್ಯಸನವು ದೋಷವೆಂದು ಕ್ರೀಡೆಯೇ ದೋಷವಾಗುವುದಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ದೇವತಾಮೂರ್ತಿಗಳ ಧ್ಯಾನಗಳೊಡನೆ ಕೌತುಕನಿಧಿಗೂ ಎಡೆಗೊಟ್ಟು, ಅದರಲ್ಲಿ ಆಟಗಳ ವಿವರವನ್ನು ಬರೆಯಿಸಿದರು. ಚದುರಂಗದ ಕುದುರೆಯು ಅರುವತ್ತುನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಮುಗಿಸುವ ಸಮಸ್ಯೆಗೆ ಅವರು ಪರಿಹಾರಗಳನ್ನು ರಚಿಸಿದುದು ಪ್ರಸಿದ್ಧವಾಗಿದೆ. ಇದೇ ಕುದುರೆಯ ನಡೆಯನ್ನು ಒಂಬತ್ತನೆಯ ಶತಮಾನದ ರುದ್ರಟನು ತನ್ನ 'ಕಾವ್ಯಾಲಂಕಾರ'ದಲ್ಲಿ ತುರಗಪದಬಂಧವಾಗಿ ಕಾವ್ಯಕ್ಕೆ ತಂದನು. ಆಟ, ಗಣಿತ, ಕಾವ್ಯ—ಮೂರೂ ಒಂದೇ ಮಣೆಯ ಮೇಲೆ ಕೂಡಿದುವು. ನಮ್ಮ ಕಾಲದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಮರೆತುಹೋಗುತ್ತಿದ್ದ ಹಾಸಂಗಿಯಾಟಗಳನ್ನು ಹುಡುಕಿ, ಕುಶಲಕರ್ಮಿಗಳಿಂದ ಮಣೆಗಳನ್ನೂ ಕಾಯಿಗಳನ್ನೂ ಹೊಸದಾಗಿ ಮಾಡಿಸಿ 'ಕ್ರೀಡಾ ಕೌಶಲ್ಯ' ಎಂಬ ಪ್ರದರ್ಶನಗಳನ್ನು ನಡೆಸಿದುದು ಇದೇ ಜೀರ್ಣೋದ್ಧಾರದ ಸಾಲಿಗೆ ಸೇರಿದುದು. ಹೊಸ ಮಣೆಯ ಮೇಲೆ ಹಳೆಯ ಆಟವು ನಡೆಯಿತು. ಯಾರ ಸ್ವತ್ತೂ ಹೋಗಲಿಲ್ಲ.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಕನ್ನಡವನ್ನು ಗಣಕಕ್ಕೆ ತಂದ ಮೊದಲ ದಿನಗಳಲ್ಲಿ, ಗಣಕವು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಬಲ್ಲದಾಗಿತ್ತು. ಆದುದರಿಂದ ಆ ಅಕ್ಷರಗಳ ಸ್ಥಾನಗಳಲ್ಲಿಯೇ ನಮ್ಮ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿ ಕನ್ನಡವನ್ನು ತೋರಿಸುವ ಉಪಾಯವನ್ನು ಮಾಡಿದರು. ಆ ಉಪಾಯವು ಮಹೋಪಕಾರವಾಯಿತು. 1998ರ ಬರಹ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಮೊದಲಾದವುಗಳಿಂದ ನಾಡಿನ ಪತ್ರಿಕೆ, ಪುಸ್ತಕ, ಕಚೇರಿಯ ಕಾಗದಗಳೆಲ್ಲ ಕನ್ನಡದಲ್ಲಿ ಹೊರಬಂದುವು. ಆದರೆ ಹಾಗೆ ಬರೆದಿಟ್ಟ ಕಡತಕ್ಕೆ ಅದರದೇ ಅಕ್ಷರವಿನ್ಯಾಸವು ದೊರೆಯದಿದ್ದರೆ, ತೆರೆದಾಗ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಜಗತ್ತಿನ ಲಿಪಿಗಳಿಗೆಲ್ಲ ಸಾಮಾನ್ಯವಾದ ಯೂನಿಕೋಡ್ ಸಂಕೇತದ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ರೂಢಿಯು ಬದಲಾಗುವಷ್ಟರಲ್ಲಿ ಎಷ್ಟೋ ವರ್ಷಗಳ ಬರವಣಿಗೆಯು ಹಳೆಯ ಸಂಕೇತದಲ್ಲಿಯೇ ಕೂಡಿಬಿದ್ದಿತು. ಇದೂ ತಟ್ಟೆ ಉಳಿದು ಪೆಟ್ಟಿಗೆ ಕೆಟ್ಟ ಸ್ಥಿತಿಯೇ. ಕನ್ನಡದ ಕೆಲವು ತರುಣರು ತಮ್ಮ ಬಿಡುವಿನ ವೇಳೆಯಲ್ಲಿ ಹಳೆಯ ಸಂಕೇತವನ್ನು ಯೂನಿಕೋಡಿಗೆ ತಿರುಗಿಸುವ ಮುಕ್ತ ತಂತ್ರಾಂಶಗಳನ್ನು ಬರೆದು ಬಿಟ್ಟುದರಿಂದ, ಇಂತಹ ಕಡತಗಳನ್ನು ಮತ್ತೆ ಓದುವುದು ಸಾಧ್ಯವಾಗಿದೆ. ಆಟದ ಎಂಜಿನ್ನನ್ನು ಬರೆದವನೂ ಇವರೂ ಒಂದೇ ಕುಲದವರು. ಆಟವು ಹೋದರೆ ಹೋಗಲಿ ಎನ್ನುವ ಗೃಹಸ್ಥನು, ತನ್ನ ತಂದೆಯು ನುಡಿಯಲ್ಲಿ ಬೆರಳಚ್ಚುಮಾಡಿಸಿಟ್ಟ ವಂಶಾವಳಿಯನ್ನು ತೆರೆಯಲಾಗದೆ ಕುಳಿತ ದಿನ ಹೀಗೆಯೇ ಹೇಳುವನೆ?

ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಹಿರಿಯರು ಹೇಳಿದರು. ಅವುಗಳಲ್ಲಿ ಋಷಿಋಣವು ತೀರುವುದು ಹಣದಿಂದಲ್ಲ. ತಾನು ಪಡೆದ ವಿದ್ಯೆಯನ್ನು ಓದಿ, ಕೆಡದಂತೆ ಕಾಪಾಡಿ, ಮುಂದಿನವರಿಗೆ ಒಪ್ಪಿಸುವುದರಿಂದ. ಕರ್ತೃವಿಗೆ ಸಲ್ಲತಕ್ಕ ಬೆಲೆಯನ್ನು ಕೊಟ್ಟರೆ ಅಂಗಡಿಯ ಸಾಲ ತೀರಿತು. ಅವನ ಕೃತಿಯು ಸಾಯದಂತೆ ನೋಡಿಕೊಂಡಾಗ ಈ ಋಣವು ತೀರಿತು. ಎರಡನ್ನೂ ತೀರಿಸಬೇಕು, ಒಂದನ್ನು ತೀರಿಸಿದೆನೆಂದು ಇನ್ನೊಂದನ್ನು ಮರೆಯಬಾರದು. ನಮ್ಮ ದೇವನೂರು ಗುರುಮಲ್ಲೇಶ್ವರರ ದಾಸೋಹದಿಂದ ಹೆಸರಾದ ಊರು. ದಾಸೋಹದ ಪಂಕ್ತಿಯಲ್ಲಿ ಉಣ್ಣುವವನಿಗೆ ಬೆಲೆಯನ್ನು ಕೇಳುವುದಿಲ್ಲ. ಆದರೆ ಒಲೆಗೆ ಸೌದೆಯನ್ನೂ ಕೊಪ್ಪರಿಗೆಗೆ ಅಕ್ಕಿಯನ್ನೂ ಯಾರೋ ನ್ಯಾಯವಾಗಿ ತಂದೇ ಇರುತ್ತಾರೆ. ಕದ್ದು ತಂದ ಅಕ್ಕಿಯಿಂದ ದಾಸೋಹವಾಗದು. ಕಣಜದಲ್ಲಿಟ್ಟು ಮುಗ್ಗಲುಹಿಡಿಸಿದ ಅಕ್ಕಿ ಯಾರ ಹಸಿವನ್ನೂ ನೀಗದು. ಮುಕ್ತ ತಂತ್ರಾಂಶವನ್ನು ಬರೆಯುವವರು ಈ ನಡುದಾರಿಯನ್ನು ಹಿಡಿದಿರುವವರೆಗೆ ಅವರ ಕೆಲಸವು ಪ್ರಶಂಸಾರ್ಹವೆಂದೇ ನನ್ನ ಅಭಿಪ್ರಾಯ.

ನಮ್ಮಂಥ ಗೃಹಸ್ಥರು ಎಂಜಿನ್ನನ್ನು ಬರೆಯಲಾರೆವು. ಮಾಡಬಹುದಾದುದು ಇಷ್ಟು: ಮನೆಯಲ್ಲಿರುವ ಹಳೆಯ ಡಿಸ್ಕುಗಳನ್ನೂ ಕಡತಗಳನ್ನೂ ಹಳತೆಂದು ಎಸೆಯದಿರುವುದು, ಹಳೆಯ ಸಂಕೇತದಲ್ಲಿರುವ ಕನ್ನಡದ ಬರವಣಿಗೆಯನ್ನು ಬಲ್ಲವರಿಂದ ಯೂನಿಕೋಡಿಗೆ ತಿರುಗಿಸಿ ಎರಡು ಕಡೆ ಇಡಿಸುವುದು, ಮಕ್ಕಳು ಆಡುವುದನ್ನು ಬಯ್ಯುವುದಕ್ಕೆ ಮೊದಲು, ಅದು ಒಳಗಿನಿಂದ ಹೇಗೆ ನಡೆಯುತ್ತದೆಂದು ಅವರನ್ನು ಒಂದು ಸಲ ಕೇಳುವುದು. ಉತ್ತರವನ್ನು ಹುಡುಕಲು ಮನಸ್ಸುಮಾಡಿದ ಹುಡುಗನಿಗೆ ತೆರೆದ ಪುಸ್ತಕವು ಎದುರಿಗಿರಬೇಕು, ಮುಚ್ಚಿದ ಪೆಟ್ಟಿಗೆಯಲ್ಲ. ಉಳಿದುದನ್ನು ವಿಜ್ಞರಾದ ವಾಚಕರು ವಿಚಾರಿಸಿಕೊಳ್ಳಬಹುದು.